ಯೂರೋಪಿನ ಬಾಗಿಲಲ್ಲಿ: ರಹದಾರಿ ಮತ್ತು ವೀಸಾ

ಗಡಿ ದಾಟುವವನ ಕೈಯಲ್ಲಿ ಒಂದು ಗುರುತಿನ ಪತ್ರವಿರಬೇಕೆಂಬ ಕಟ್ಟಳೆ ಇಂದು ನೆನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕವನ್ನು ಸಲ್ಲಿಸಿದವನಿಗೆ ಆತ ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನೇ ಜನಪದವನ್ನು ಪ್ರವೇಶಿಸಬಹುದು, ಅಲ್ಲಿಂದ ಹೊರಡಬಹುದು. ಮುದ್ರೆಯಿಲ್ಲದೆ ಸಿಕ್ಕಿಬಿದ್ದ ನಾಡಿಗನಿಗೆ ಹನ್ನೆರಡು ಪಣ ದಂಡ. ಕಳ್ಳಮುದ್ರೆ ಹಿಡಿದವನಿಗೆ ಅದಕ್ಕಿಂತ ಹೆಚ್ಚಿನ ದಂಡ. ಅವನು ಹೊರನಾಡಿಗನಾದರೆ ಇನ್ನೂ ಕಠಿನವಾದುದು. ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ತೋರಿಸಿಕೊಟ್ಟವರು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. ಹೀಗಾಗಿ ರಹದಾರಿಯ ಈ ಹಳೆಯ ಕಟ್ಟಳೆ ಮತ್ತೆ ಬೆಳಕಿಗೆ ಬಂದದ್ದು ನಮ್ಮ ನಾಡಿನಲ್ಲಿಯೇ ಎಂಬುದು ಅಭಿಮಾನದ ಸಂಗತಿ.

ರಹದಾರಿಯ ವಿಷಯ ಈಗೇಕೆ ಎಂದು ನೀವು ಕೇಳಬಹುದು. ನಮ್ಮ ಊರು ಕೇರಿಗಳಲ್ಲಿ ಇಂದು ಯೂರೋಪಿನ ಮಾತು ಬರುವುದು ಭೂಗೋಳದ ಪಾಠದಲ್ಲಿ ಮಾತ್ರವಲ್ಲ. ಮಗ ಮ್ಯೂನಿಕ್ಕಿನಲ್ಲಿದ್ದಾನೆ, ಮಗಳು ಹಾಲೆಂಡಿನಲ್ಲಿದ್ದಾಳೆ ಎನ್ನುವ ತಂದೆತಾಯಿಗಳು ಹೋಬಳಿ ಹೋಬಳಿಯಲ್ಲಿ ಉಂಟು. ನಿವೃತ್ತಿಯ ಹಣದಲ್ಲಿ ಒಮ್ಮೆ ಪ್ಯಾರಿಸ್, ರೋಮ್ ನೋಡಿಬರೋಣ ಎನ್ನುವ ದಂಪತಿಗಳೂ ಉಂಟು. ಇವರೆಲ್ಲರೂ ವಿಮಾನಕ್ಕಿಂತ ಮೊದಲು ಹತ್ತಬೇಕಾದ ಮೆಟ್ಟಿಲು ವೀಸಾ. ಆ ಮೆಟ್ಟಿಲಿನಲ್ಲಿ ಎಡವಿದವರಿಗೆ ಆಗುವ ಹಣದ ನಷ್ಟ ಒಂದು. ಮೊಮ್ಮಗುವಿನ ಮುಖವನ್ನು ಕಾಣಬೇಕಾದ ಹೊತ್ತಿಗೆ ಕಾಣಲಾಗದೆ ಹೋದ ದುಃಖ ಇನ್ನೊಂದು. ಅರ್ಜಿಯ ಫಾರಂ ತುಂಬುವುದಕ್ಕೆ ನೆರವು ಕೇಳಿಕೊಂಡು ಹಳೆಯ ವಿದ್ಯಾರ್ಥಿಗಳ ತಂದೆತಾಯಿಗಳು ನನ್ನಲ್ಲಿಗೆ ಬರುವುದುಂಟು. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು ಪದಗಳ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ಪಾಸ್‌ಪೋರ್ಟು ಬೇರೆ, ವೀಸಾ ಬೇರೆ. ಪಾಸ್‌ಪೋರ್ಟು ನಮ್ಮ ಸರಕಾರ ನಮಗೆ ಕೊಡುವ ರಹದಾರಿ. ಇವನು ನಮ್ಮವನು ಎಂಬ ಪರಿಚಯಪತ್ರ. ವೀಸಾ ನಾವು ಹೋಗಲಿರುವ ದೇಶದವರು ಕೊಡುವ ಅನುಮತಿ. ಲ್ಯಾಟಿನ್ ಭಾಷೆಯಲ್ಲಿ ವೀಸಾ ಎಂದರೆ 'ನೋಡಲ್ಪಟ್ಟದ್ದು' ಎಂದು ಅರ್ಥ. ನಿನ್ನ ಕಾಗದವನ್ನು ನೋಡಿದ್ದೇವೆ ಎಂಬುದಕ್ಕೆ ಹಾಕುತ್ತಿದ್ದ ಷರಾವೇ ಕ್ರಮೇಣ ಆ ಹೆಸರನ್ನು ಪಡೆಯಿತು. ಈ ಲ್ಯಾಟಿನ್ ಧಾತುವೂ ಸಂಸ್ಕೃತದ 'ವಿದ್' ಧಾತುವೂ ಒಂದೇ ಮೂಲದವು ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ವೇದ, ವಿದ್ಯೆ, ವಿದ್ವಾಂಸ ಎಂಬ ಮಾತುಗಳ ದೂರದ ನಂಟು ವೀಸಾಕ್ಕೂ ಉಂಟೆಂಬುದು ಸೋಜಿಗವಲ್ಲವೆ? ಈ ಅರ್ಥವನ್ನು ನೆನಪಿನಲ್ಲಿಟ್ಟುಕೊಳ್ಳಿ. ದೂತಾವಾಸದ ಅಧಿಕಾರಿ ನಿಮ್ಮನ್ನು ಕಂಡವನಲ್ಲ. ನಿಮ್ಮ ಮನೆತನ, ನಡತೆ, ಮಾನ ಮರ್ಯಾದೆ ಅವನಿಗೆ ತಿಳಿಯದು. ಅವನು ನೋಡುವುದು ಕಾಗದವನ್ನು. ಕಾಗದದಲ್ಲಿ ಏನು ಕಾಣುತ್ತದೆಯೋ ಅದೇ ಅವನ ಪಾಲಿಗೆ ನೀವು.

1914ರ ಮಹಾಯುದ್ಧಕ್ಕೆ ಮುನ್ನ ಪಶ್ಚಿಮ ಯೂರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟಿಲ್ಲದೆಯೇ ಸಂಚರಿಸಬಹುದಾಗಿತ್ತು. ಯುದ್ಧ ಬಂದಿತು, ಗೂಢಚಾರರ ಭಯದಿಂದ ಎಲ್ಲ ಗಡಿಗಳಲ್ಲೂ ಕಾವಲು ನಿಂತಿತು. ಯುದ್ಧ ಮುಗಿದರೂ ಕಾವಲು ಹೋಗಲಿಲ್ಲ. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸಿನಲ್ಲಿ ಕೂಡಿದ ಸಮ್ಮೇಳನವು 32 ಪುಟಗಳ ಏಕರೂಪದ ಪಾಸ್‌ಪೋರ್ಟ್ ಪುಸ್ತಕವನ್ನು ಶಿಫಾರಸು ಮಾಡಿತು. ನಮ್ಮ ದೇಶದಲ್ಲಿ ಪಾಸ್‌ಪೋರ್ಟು ಕೊಡುವುದು ಬಿಡುವುದು ಬಹುಕಾಲ ಸರಕಾರದ ಇಚ್ಛೆಗೆ ಸೇರಿದ ಸಂಗತಿಯಾಗಿತ್ತು. ವಿದೇಶ ಪ್ರಯಾಣವು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಅಧಿನಿಯಮವೂ ಬಂದಿತು. ಆದಕಾರಣ ಪಾಸ್‌ಪೋರ್ಟಿನ ವಿಷಯದಲ್ಲಿ ನಮಗೆ ಹಕ್ಕು ಉಂಟು. ವೀಸಾದ ವಿಷಯದಲ್ಲಿ ಅಂಥ ಹಕ್ಕಿಲ್ಲ. ಅಲ್ಲಿ ನಾವು ಅತಿಥಿಗಳು. ಅತಿಥಿಯಾದವನು ಮನೆಯವರ ರೀತಿ ನೀತಿಗಳನ್ನು ತಿಳಿದು ಹೋಗಬೇಕು.

ಆ ಮನೆ ಎಂಥದು? ಲಕ್ಸೆಂಬರ್ಗ್ ಎಂಬ ಪುಟ್ಟ ರಾಜ್ಯದಲ್ಲಿ, ಮೊಸೆಲ್ ನದಿಯ ದಡದಲ್ಲಿ, ದ್ರಾಕ್ಷಿಯ ತೋಟಗಳ ನಡುವೆ ಶೆಂಗೆನ್ ಎಂಬ ಹಳ್ಳಿಯಿದೆ. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಕೂಡುವ ಜಾಗ ಅದು. 1985ರ ಜೂನ್ 14ರಂದು ಅಲ್ಲಿನ ನದಿಯಲ್ಲಿ ನಿಂತಿದ್ದ 'ಪ್ರಿನ್ಸೆಸ್ ಮಾರಿ ಆಸ್ಟ್ರಿಡ್' ಎಂಬ ಹಡಗಿನಲ್ಲಿ ಕುಳಿತು ಐದು ದೇಶಗಳ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ರುಜು ಹಾಕಿದರು. ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಇವೇ ಆ ಐದು. ತಮ್ಮ ತಮ್ಮ ನಡುವಣ ಗಡಿಯ ತಪಾಸಣೆಯನ್ನು ಮೆಲ್ಲಮೆಲ್ಲನೆ ತೆಗೆದುಹಾಕುವುದೆಂಬುದು ಒಪ್ಪಂದದ ಸಾರ. 1995ರ ಮಾರ್ಚ್ 26ರಂದು ಇದು ಏಳು ದೇಶಗಳಲ್ಲಿ ಕಾರ್ಯರೂಪಕ್ಕೆ ಬಂದಿತು. 2023ರ ಆರಂಭದಲ್ಲಿ ಕ್ರೊಯೇಷಿಯ ಸೇರಿತು. ಬಲ್ಗೇರಿಯ, ರುಮೇನಿಯಗಳು 2025ರ ಜನವರಿ 1ರಿಂದ ಪೂರ್ಣವಾಗಿ ಸೇರಿದವು. ಅಲ್ಲಿಗೆ ಸಂಖ್ಯೆ 29 ಆಯಿತು. ಕೂಡು ಕುಟುಂಬದ ದೊಡ್ಡ ಮನೆಯನ್ನು ನೆನೆದುಕೊಳ್ಳಿ: ಒಳಗೆ ಕೋಣೆಗಳು ಹಲವು, ಹೊರಬಾಗಿಲ ಕಟ್ಟಳೆ ಒಂದೇ. ಹೊರಬಾಗಿಲನ್ನು ಒಮ್ಮೆ ದಾಟಿದವನು ಸಾಮಾನ್ಯವಾಗಿ ಒಳಗೆ ಕೋಣೆಯಿಂದ ಕೋಣೆಗೆ ಹೋಗಬಹುದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಯೂರೋಪೆಲ್ಲವೂ ಈ ಮನೆಯೊಳಗಿಲ್ಲ. ಬ್ರಿಟನ್ ಇದಕ್ಕೆ ಸೇರಿದ್ದಲ್ಲ, ಐರ್ಲೆಂಡ್ ಸೇರಿಲ್ಲ. ಸ್ವಿಟ್ಸರ್ಲೆಂಡ್ ಮತ್ತು ನಾರ್ವೆ ಯೂರೋಪು ಒಕ್ಕೂಟದ ಸದಸ್ಯರಲ್ಲದಿದ್ದರೂ ಈ ಮನೆಯೊಳಗಿವೆ. ಪ್ಯಾರಿಸಿಗೆ ಹೋದವರು ಹೇಗೂ ಹತ್ತಿರವೆಂದು ಲಂಡನ್ನಿಗೆ ಹೋಗಬೇಕೆಂದರೆ ಬ್ರಿಟನ್ನಿನ ವೀಸಾ ಬೇರೆಯಾಗಿ ಬೇಕು. ಅಷ್ಟೇ ಅಲ್ಲ, ಶೆಂಗೆನ್ ವೀಸಾ ಒಂದೇ ಪ್ರವೇಶಕ್ಕೆ ಕೊಟ್ಟದ್ದಾದರೆ ಲಂಡನ್ನಿನಿಂದ ಮರಳಿ ಪ್ಯಾರಿಸಿಗೆ ಬರುವಂತಿಲ್ಲ. ಹೊರಬಾಗಿಲನ್ನು ದಾಟಿದ ಕೂಡಲೇ ಆ ಒಂದು ಪ್ರವೇಶ ತೀರಿಹೋಗಿರುತ್ತದೆ. ಎರಡನೆಯದಾಗಿ, ಒಳಗಿನ ಗಡಿಗಳಲ್ಲಿ ಎಂದೆಂದಿಗೂ ತಪಾಸಣೆಯಿಲ್ಲವೆಂದು ತಿಳಿಯಬಾರದು. ಕಾರಣ ಬಿದ್ದಾಗ ತಾತ್ಕಾಲಿಕ ತಪಾಸಣೆಯನ್ನು ಹೂಡುವ ಅಧಿಕಾರ ಆಯಾ ದೇಶಕ್ಕಿದೆ; 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ಹಾಗೆ ಮಾಡಿತು. ಆದ್ದರಿಂದ ರೈಲಿನಲ್ಲಿ ಪಕ್ಕದ ದೇಶಕ್ಕೆ ಒಂದು ದಿನದ ಮಟ್ಟಿಗೆ ಹೋಗುವಾಗಲೂ ಪಾಸ್‌ಪೋರ್ಟು ಜೊತೆಯಲ್ಲಿರಲಿ.

ಇನ್ನು ಅರ್ಜಿಯ ವಿಷಯ. ಯಾವ ದೇಶಕ್ಕೆ ಅರ್ಜಿ ಸಲ್ಲಿಸಬೇಕು? ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ, ಪ್ರಯಾಣದ ಮುಖ್ಯ ಉದ್ದೇಶ ಎಲ್ಲಿಯದೋ, ಆ ದೇಶಕ್ಕೆ. ಹತ್ತು ದಿನದ ಪ್ರವಾಸದಲ್ಲಿ ಐದು ದಿನ ಇಟಲಿ, ಮೂರು ದಿನ ಫ್ರಾನ್ಸ್, ಎರಡು ದಿನ ಜರ್ಮನಿಯಾದರೆ ಅರ್ಜಿ ಇಟಲಿಗೆ ಹೋಗಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇಂಥ ದೇಶದ ವೀಸಾ ಸುಲಭವಾಗಿ ಸಿಗುತ್ತದೆಯಂತೆ ಎಂಬ ಗಾಳಿಮಾತನ್ನು ನಂಬಿ ಅಲ್ಲಿಗೆ ಅರ್ಜಿ ಹಾಕಿ, ಆಮೇಲೆ ಬೇರೆಡೆ ಕಾಲ ಕಳೆಯುವುದು ಕ್ರಮವಲ್ಲ. ಅದು ಗಡಿಯಲ್ಲಿ ಪ್ರಶ್ನೆಗೆ ಗುರಿಯಾಗುತ್ತದೆ.

ಯಾವಾಗ ಸಲ್ಲಿಸಬೇಕು? ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಸಲ್ಲಿಸಬಹುದು. ಹದಿನೈದು ದಿನಕ್ಕಿಂತ ತಡಮಾಡಕೂಡದು. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ ಹಿಡಿಯುತ್ತದೆ. ಹೆಚ್ಚಿನ ವಿಚಾರಣೆ ಬೇಕಾದರೆ ನಲವತ್ತೈದು ದಿನಗಳವರೆಗೂ ಹೋಗಬಹುದು. ಅಲ್ಲಿಯ ಬೇಸಿಗೆಗೆ ಹೋಗುವವರು ಬಹುಮಂದಿ. ಆ ದಿನಗಳಲ್ಲಿ ಅರ್ಜಿ ಸಲ್ಲಿಸಲು ಭೇಟಿಯ ದಿನ ದೊರಕುವುದೇ ಕಷ್ಟ. ಆದ್ದರಿಂದ ಎರಡು ಮೂರು ತಿಂಗಳು ಮುಂಚೆಯೇ ಕೆಲಸ ಹಚ್ಚಿಕೊಳ್ಳುವುದು ಲೇಸು.

ಶುಲ್ಕವು 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೊ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45 ಯೂರೊ. ಆರು ತುಂಬದ ಮಕ್ಕಳಿಗೆ ಶುಲ್ಕವಿಲ್ಲ. ಇದನ್ನು ರೂಪಾಯಿಯಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಅರ್ಜಿಯನ್ನು ಸ್ವೀಕರಿಸುವ ಖಾಸಗಿ ಕೇಂದ್ರದವರು ತಮ್ಮ ಸೇವಾಶುಲ್ಕವನ್ನು ಬೇರೆ ಪಡೆಯುತ್ತಾರೆ. ಆ ಕೇಂದ್ರಗಳಲ್ಲಿ ಅದೂ ಇದೂ ಹೆಚ್ಚಿನ ಸೌಲಭ್ಯಗಳನ್ನು ಮುಂದಿಡುವುದುಂಟು. ಅವು ಕಡ್ಡಾಯವಲ್ಲ, ಅವುಗಳಿಂದ ತೀರ್ಮಾನವೂ ಬದಲಾಗದು. ವೀಸಾ ಕೊಡುವವರು, ಬಿಡುವವರು ದೂತಾವಾಸದವರು. ಕೇಂದ್ರದವರು ಕಾಗದ ತೆಗೆದುಕೊಳ್ಳುವವರಷ್ಟೆ. ವೀಸಾ ನಿರಾಕರಿಸಿದರೂ ಶುಲ್ಕ ಹಿಂದಕ್ಕೆ ಬಾರದು.

ಕಾಗದಪತ್ರಗಳಲ್ಲಿ ಮೊದಲನೆಯದು ಪಾಸ್‌ಪೋರ್ಟು. ಅದು ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ನೀವು ಯೂರೋಪಿನಿಂದ ಹೊರಡುವ ದಿನದ ಆಚೆಗೆ ಕನಿಷ್ಠ ಮೂರು ತಿಂಗಳು ಅದರ ಅವಧಿ ಉಳಿದಿರಬೇಕು. ಎರಡು ಖಾಲಿ ಪುಟಗಳಿರಬೇಕು. ಎರಡನೆಯದು ಪ್ರಯಾಣದ ವೈದ್ಯಕೀಯ ವಿಮೆ. ಕನಿಷ್ಠ 30,000 ಯೂರೊಗಳವರೆಗಿನ ವೆಚ್ಚವನ್ನು ಅದು ಭರಿಸಬೇಕು; ನೀವು ಉಳಿಯುವ ಎಲ್ಲ ದಿನಗಳಿಗೂ, ಶೆಂಗೆನ್ ವಲಯದ ಎಲ್ಲ ದೇಶಗಳಿಗೂ ಅನ್ವಯಿಸಬೇಕು. ಮಧುಮೇಹ, ರಕ್ತದೊತ್ತಡಗಳಂಥ ಹಳೆಯ ಕಾಯಿಲೆಗಳಿಗೆ ಅನೇಕ ವಿಮೆಗಳು ಹಣ ಕೊಡುವುದಿಲ್ಲ. ವಯಸ್ಸಾದವರು ಅದರ ಒಕ್ಕಣೆಯನ್ನು ಓದಿಸಿ ಕೇಳಿಯೇ ಹಣ ಕಟ್ಟುವುದು ಒಳ್ಳೆಯದು. ಇವಲ್ಲದೆ ಹೋಗಿ ಬರುವ ಪ್ರಯಾಣದ ಏರ್ಪಾಡು, ಉಳಿಯುವ ಸ್ಥಳ, ಹಣದ ಅನುಕೂಲ, ಊರಿನಲ್ಲಿರುವ ಹೊಣೆಗಾರಿಕೆ, ಇವುಗಳ ದಾಖಲೆ ಬೇಕು. ಬೆರಳಚ್ಚನ್ನೂ ಕೊಡಬೇಕು, ಒಮ್ಮೆ ಕೊಟ್ಟದ್ದು 59 ತಿಂಗಳವರೆಗೆ ಮುಂದಿನ ಅರ್ಜಿಗಳಿಗೆ ಸಲ್ಲುತ್ತದೆ. ಹನ್ನೆರಡು ತುಂಬದ ಮಕ್ಕಳಿಂದ ಬೆರಳಚ್ಚು ತೆಗೆಯುವುದಿಲ್ಲ.

ನಮ್ಮ ಕಡೆಯವರಿಗೆ ವಿಶೇಷವಾಗಿ ಬರುವ ತೊಡಕೊಂದುಂಟು, ಅದು ಹೆಸರಿನದು. ಊರಿನ ಹೆಸರು, ತಂದೆಯ ಹೆಸರುಗಳನ್ನು ಮೊದಲಕ್ಷರಗಳಾಗಿ ಹಿಂದೆಯೋ ಮುಂದೆಯೋ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಯೂರೋಪಿನವರ ಫಾರಮ್ಮಿನಲ್ಲಾದರೋ ಮನೆತನದ ಹೆಸರಿಗೊಂದು ಅಂಕಣ, ಇಟ್ಟ ಹೆಸರಿಗೊಂದು ಅಂಕಣ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆ, ಪಹಣಿಯಲ್ಲಿ ಮತ್ತೊಂದು ಬಗೆ ಹೆಸರಿರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಇವನೂ ಅವನೂ ಒಬ್ಬನೇ ಎಂದು ನಮ್ಮೂರಿನ ಶಾನುಭೋಗರಿಗೆ ತಿಳಿದೀತು, ದೂತಾವಾಸದವರಿಗೆ ತಿಳಿಯುವುದೆಂತು? ಪಾಸ್‌ಪೋರ್ಟಿನಲ್ಲಿ ಅಕ್ಷರಕ್ಕಕ್ಷರ ಹೇಗಿದೆಯೋ ಹಾಗೆಯೇ ಅರ್ಜಿಯಲ್ಲೂ ವಿಮೆಯಲ್ಲೂ ವಿಮಾನದ ಟಿಕೆಟ್ಟಿನಲ್ಲೂ ಇರಬೇಕು. ಬ್ಯಾಂಕಿನ ದಾಖಲೆಯಲ್ಲಿ ಭೇದವಿದ್ದರೆ ಮುಂಚೆಯೇ ತಿದ್ದಿಸಿಕೊಳ್ಳಬೇಕು.

ಈ ಎಲ್ಲ ಕಾಗದಗಳೂ ಸೇರಿ ಉತ್ತರ ಕೊಡುವುದು ಮೂರೇ ಪ್ರಶ್ನೆಗಳಿಗೆ: ಏತಕ್ಕೆ ಹೋಗುತ್ತೀರಿ? ಹೋದಲ್ಲಿ ಹೇಗೆ ಉಳಿಯುತ್ತೀರಿ? ಹೇಳಿದ ದಿನಕ್ಕೆ ಹಿಂದಿರುಗುತ್ತೀರಾ? ಈ ಮೂರಕ್ಕೂ ಒಂದಕ್ಕೊಂದು ಹೊಂದುವ ನಿಜವಾದ ಉತ್ತರವಿದ್ದರೆ ಕಾಗದದ ಕಟ್ಟು ದಪ್ಪವಾಗಿರಬೇಕಾಗಿಲ್ಲ. ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ ಕಟ್ಟು ಎಷ್ಟು ದಪ್ಪವಿದ್ದರೂ ಫಲವಿಲ್ಲ. ಇದಕ್ಕೆ ನಾನು ಕಂಡ ಒಂದು ನಿದರ್ಶನವನ್ನು ಹೇಳುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಲೆಂಡಿನಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳ ಚೊಚ್ಚಲ ಬಾಣಂತನಕ್ಕೆ ತಾಯಿ ಹೋಗಬೇಕಾಯಿತು. ವೀಸಾ ಮಾಡಿಸಿಕೊಡುವೆನೆಂದು ಒಬ್ಬ ದಲ್ಲಾಳಿ ಮುಂದೆ ಬಂದ. "ಬಾಣಂತನವೆಂದು ಬರೆದರೆ ಕೊಡುವುದಿಲ್ಲ, ಪ್ರವಾಸವೆಂದು ಬರೆಯೋಣ" ಎಂದು ಹೇಳಿ, ಐದು ಊರುಗಳ ಹೋಟೆಲಿನ ಕಾಗದಗಳನ್ನು ಲಗತ್ತಿಸಿದ. ಖಾತೆಯಲ್ಲಿ ಹಣ ಕಾಣಲಿ ಎಂದು ಯಾರಿಂದಲೋ ಸಾಲ ತಂದು ಒಂದೇ ದಿನ ಕಟ್ಟಿಸಿದ. ಐವತ್ತೆಂಟು ವಯಸ್ಸಿನ, ಹಿಂದೆಂದೂ ಹೊರದೇಶವನ್ನು ಕಾಣದ ಹೆಂಗಸು ಒಬ್ಬಳೇ ಎರಡೂವರೆ ತಿಂಗಳು ಐದು ಊರುಗಳಲ್ಲಿ ತಿರುಗಾಡುವಳೆಂದರೆ ಯಾರು ನಂಬುತ್ತಾರೆ? ವೀಸಾ ನಿರಾಕೃತವಾಯಿತು. ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲವೆಂಬ ಕಾರಣಕ್ಕೆ ಗುರುತು ಹಾಕಿದ ಮುದ್ರಿತ ಪತ್ರ ಬಂದಿತು. ಆಕೆ ಆ ಕಾಗದವನ್ನು ಹಿಡಿದು ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಮಗಳ ಬಾಣಂತನಕ್ಕೂ ಬೇರೆಯವರ ಅಪ್ಪಣೆ ಬೇಕೆ?" ಎಂದು ಕಣ್ಣೀರು ತಂದುಕೊಂಡರು. "ಬೇಕು ತಾಯಿ, ಆದರೆ ಅಪ್ಪಣೆ ಕೇಳುವಾಗ ಬಾಣಂತನವೆಂದೇ ಕೇಳೋಣ" ಎಂದು ನಾನು ಸಮಾಧಾನ ಹೇಳಿದೆ.

ಎರಡನೆಯ ಅರ್ಜಿ ಸರಳವಾಗಿತ್ತು. ಉದ್ದೇಶ: ಮಗಳ ಮನೆಗೆ ಭೇಟಿ. ಹೆರಿಗೆಯ ನಿರೀಕ್ಷಿತ ದಿನವನ್ನು ತಿಳಿಸುವ ಅಲ್ಲಿಯ ಪತ್ರ. ತಾಯಿಯ ಖರ್ಚು ತನ್ನದೆಂದೂ ತನ್ನ ಮನೆಯಲ್ಲಿಯೇ ಉಳಿಯುವರೆಂದೂ ಆ ದೇಶದ ನಿಗದಿಯಾದ ನಮೂನೆಯಲ್ಲಿ ಮಗಳು ಬರೆದು, ಅಲ್ಲಿಯ ಪುರಸಭೆಯಲ್ಲಿ ರುಜುವನ್ನು ದೃಢೀಕರಿಸಿದ ಹೊಣೆಪತ್ರ. ಅವಳ ಸಂಬಳದ ಚೀಟಿ ಮತ್ತು ವಾಸದ ಪರವಾನಗಿ. ಇಲ್ಲಿ ಗಂಡನ ಪಿಂಚಣಿಯ ದಾಖಲೆ, ಜಮೀನಿನ ಪಹಣಿ. ಹೊಲ ಮನೆ, ಪತಿ ಎಲ್ಲರೂ ಇಲ್ಲೇ ಇರುವುದರಿಂದ ಇಂಥ ದಿನ ಹಿಂದಿರುಗುವೆನೆಂದು ಆಕೆಯ ಹೆಸರಿನಲ್ಲಿ ಒಂದು ಪುಟದ ಪತ್ರ. ಅನುಮತಿ ಬಂದಿತು. ಹೊಣೆಪತ್ರದ ರೀತಿ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ವಿದೇಶೀಯರ ಕಚೇರಿಯಲ್ಲಿ ಮುಚ್ಚಳಿಕೆ ಬರೆದುಕೊಡಬೇಕು. ಫ್ರಾನ್ಸಿನಲ್ಲಿ ಊರಿನ ಮೇಯರ ಕಚೇರಿಯಿಂದ ಆತಿಥ್ಯದ ಪತ್ರ ಪಡೆಯಬೇಕು. ಇವನ್ನು ಮಾಡಿಸುವುದು ಅಲ್ಲಿರುವ ಮಕ್ಕಳ ಕೆಲಸ. ಅವರಿಗೆ ಮುಂಚೆಯೇ ಬರೆದು ತಿಳಿಸಿರಿ.

ಆ ತಾಯಿಗೆ ಇನ್ನೊಂದು ಲೆಕ್ಕವನ್ನೂ ಬಿಡಿಸಿ ಹೇಳಬೇಕಾಯಿತು. ಅದು ತೊಂಬತ್ತು ದಿನಗಳ ಲೆಕ್ಕ. ಶೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ ಒಟ್ಟು 90 ದಿನ ಮಾತ್ರ ಇರಬಹುದು. ಕಾಲಿಟ್ಟ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಹೆರಿಗೆ ಆಗಸ್ಟ್ 20ರ ಸುಮಾರಿಗೆ ಎಂದಿದ್ದರು. ಜೂನ್ 15ಕ್ಕೇ ಹೋಗಿಬಿಡುತ್ತೇನೆ ಎಂಬುದು ತಾಯಿಯ ಆತುರ. ಹಾಗೆ ಹೋದರೆ ತೊಂಬತ್ತನೆಯ ದಿನ ಸೆಪ್ಟೆಂಬರ್ 12ಕ್ಕೆ ಬರುತ್ತದೆ. ಮಗು ಹುಟ್ಟಿ ಮೂರು ವಾರ ಕಳೆಯುತ್ತಲೇ ಬಾಣಂತಿಯನ್ನು ಬಿಟ್ಟು ಹೊರಡಬೇಕು. ಆಗಸ್ಟ್ 5ಕ್ಕೆ ಹೋದರೆ ನವೆಂಬರ್ 2ರವರೆಗೆ ಇರಬಹುದು. ಹೆರಿಗೆ ಹದಿನೈದು ದಿನ ಮುಂಚೆಯಾದರೂ ತಾಯಿ ಬಳಿಯಲ್ಲಿರುತ್ತಾರೆ, ಬಾಣಂತನವೂ ಬಹುಮಟ್ಟಿಗೆ ಮುಗಿಯುತ್ತದೆ. ಆಕೆ ಹಾಗೆಯೇ ಮಾಡಿದರು.

ಈ ಲೆಕ್ಕದಲ್ಲಿ ಎಡವುವವರು ಬಹಳ. ಒಂದು ದಿನದ ಮಟ್ಟಿಗೆ ಹೊರಗೆ ಹೋಗಿ ಬಂದರೆ ಮತ್ತೆ ತೊಂಬತ್ತು ದಿನ ಸಿಗುತ್ತದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಬಹುಪ್ರವೇಶದ ವೀಸಾ ಉಳ್ಳವರು ಮಾರ್ಚ್ 1ರಂದು ಹೋಗಿ ಮೇ 29ರಂದು ಹೊರಟರೆನ್ನೋಣ. ಮಾರ್ಚಿನ 31, ಏಪ್ರಿಲಿನ 30, ಮೇ ತಿಂಗಳ 29 ಸೇರಿ 90 ದಿನ ತೀರಿತು. ಅವರು ಮತ್ತೆ ಕಾಲಿಡಬಹುದಾದ ಮೊದಲ ದಿನ ಆಗಸ್ಟ್ 28. ಅಲ್ಲಿ ಇರುವ ಪ್ರತಿದಿನವೂ ಹಿಂದಿನ 180 ದಿನಗಳನ್ನು ಎಣಿಸಿ ನೋಡಬೇಕು, ಆ ಎಣಿಕೆ 90ನ್ನು ಮೀರಬಾರದು, ಇದೇ ಸೂತ್ರ. ಅದಕ್ಕಿಂತ ಹೆಚ್ಚು ಕಾಲ ಇರಬೇಕಾದ ವಿದ್ಯಾರ್ಥಿಗಳು, ಉದ್ಯೋಗಸ್ಥರು ಆಯಾ ದೇಶದ ದೀರ್ಘಾವಧಿಯ ವೀಸಾವನ್ನೇ ಪಡೆಯಬೇಕು. ಅನಿರೀಕ್ಷಿತವಾದ ತೀವ್ರ ಕಾಯಿಲೆಯಂಥ ಸಂದರ್ಭಗಳಲ್ಲಿ ಅವಧಿಯನ್ನು ವಿಸ್ತರಿಸಲು ಅವಕಾಶವುಂಟು. ಆದರೆ ಅದನ್ನು ನೆಚ್ಚಿ ಹೊರಡುವುದು ವಿವೇಕವಲ್ಲ.

ವೀಸಾ ಕೈಗೆ ಬಂದ ಕೂಡಲೇ ಚೀಟಿಯನ್ನು ಓದಿ ನೋಡಿರಿ. ಅದರಲ್ಲಿ ಎರಡು ತಾರೀಖುಗಳಿರುತ್ತವೆ, ಜೊತೆಗೆ ದಿನಗಳ ಸಂಖ್ಯೆಯೊಂದಿರುತ್ತದೆ. ಜೂನ್ 1ರಿಂದ ಜುಲೈ 15ರವರೆಗೆ ಎಂದು ತಾರೀಖಿದ್ದು, ದಿನಗಳು 30 ಎಂದಿದ್ದರೆ, ಆ ನಲವತ್ತೈದು ದಿನಗಳಲ್ಲಿ ಯಾವುದಾದರೂ ಮೂವತ್ತು ದಿನ ಎಂದು ಅರ್ಥ; ನಲವತ್ತೈದೂ ನಿಮ್ಮದೆಂದಲ್ಲ. ಪ್ರವೇಶ ಎಷ್ಟು ಸಲ ಎಂಬುದೂ ಅಲ್ಲೇ ಇರುತ್ತದೆ. ಹೆಸರಿನಲ್ಲಾಗಲಿ ತಾರೀಖಿನಲ್ಲಾಗಲಿ ತಪ್ಪು ಕಂಡರೆ ಹೊರಡುವ ಮುನ್ನವೇ ಸರಿಪಡಿಸಿಕೊಳ್ಳಬೇಕು.

ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಖಂಡಿತವೆಂದು ಹೇಳುವಂತಿಲ್ಲ. ವಿಮಾನದಿಂದಿಳಿದ ಮೇಲೆ ಗಡಿಯ ಅಧಿಕಾರಿ ಅದೇ ಮೂರು ಪ್ರಶ್ನೆಗಳನ್ನು ಮತ್ತೆ ಕೇಳಬಹುದು. ಮಗಳ ವಿಳಾಸ, ಹಿಂದಿರುಗುವ ಟಿಕೆಟ್ಟು, ವಿಮೆ, ಹೊಣೆಪತ್ರ, ಇವುಗಳ ಪ್ರತಿಗಳು ಕೈಚೀಲದಲ್ಲಿರಲಿ. ಸಾಮಾನಿನ ದೊಡ್ಡ ಪೆಟ್ಟಿಗೆಯೊಳಗೆ ಹಾಕಿದರೆ ಆ ಹೊತ್ತಿಗೆ ಒದಗುವುದಿಲ್ಲ. ಇಂಗ್ಲಿಷ್ ಬಾರದವರು ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋಗಲಿ. 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿಗೆ ಮೊಹರು ಒತ್ತುವ ಪದ್ಧತಿಗೆ ಬದಲಾಗಿ, ಬಂದು ಹೋದ ದಿನಗಳನ್ನೂ ಮುಖದ ಚಿತ್ರವನ್ನೂ ಯಂತ್ರದಲ್ಲಿ ದಾಖಲಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ಜಾರಿಗೆ ತಂದರು. ಮೊಹರು ಮಾಸಿದೆ, ತಾರೀಖು ಕಾಣದು ಎನ್ನುವ ಕಾಲ ಹೋಯಿತು. ಒಂದು ದಿನ ಹೆಚ್ಚಾಗಿ ಉಳಿದರೂ ಯಂತ್ರಕ್ಕೆ ತಿಳಿಯುತ್ತದೆ.

ತಾಯಂದಿರಿಗೆ ಒಂದು ಮಾತು. ಮಗಳಿಗೆಂದು ಮನೆಯ ತುಪ್ಪ, ಬೆಣ್ಣೆ ಕೊಂಡೊಯ್ಯಬೇಕೆಂಬ ಆಸೆ ಸಹಜ. ಆದರೆ ಹಾಲಿನ ಪದಾರ್ಥಗಳನ್ನೂ ಮಾಂಸದ ಪದಾರ್ಥಗಳನ್ನೂ ಹೊರದೇಶದಿಂದ ಯೂರೋಪು ಒಕ್ಕೂಟದೊಳಕ್ಕೆ ಪ್ರಯಾಣಿಕರು ತರಕೂಡದೆಂದು ನಿಷೇಧವಿದೆ. ದನಕರುಗಳ ರೋಗ ಹರಡೀತೆಂಬುದು ಅದಕ್ಕೆ ಕಾರಣ. ಹಸಿಯ ಹಣ್ಣು ತರಕಾರಿಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರ, ದುರಿಯನ್ ಈ ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ. ಕರಿಬೇವಿನ ಕಟ್ಟನ್ನು ಇಲ್ಲಿಯೇ ಬಿಡಿ. ತೆಂಗಿನಕಾಯಿ ಜೊತೆಯಲ್ಲಿ ಬರಲಿ. ನಿತ್ಯ ಸೇವಿಸುವ ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಒಯ್ಯಿರಿ. ಹತ್ತು ಸಾವಿರ ಯೂರೊ ಅಥವಾ ಅದಕ್ಕೆ ಮೇಲ್ಪಟ್ಟ ನಗದು ಇದ್ದರೆ ಸುಂಕದವರಿಗೆ ತಿಳಿಸಲೇಬೇಕು.

ಒಂದು ವೇಳೆ ವೀಸಾ ನಿರಾಕೃತವಾದರೆ ಎದೆಗುಂದಬಾರದು. ಕಾರಣವನ್ನು ಬರೆಹದಲ್ಲಿ ಕೊಡಲೇಬೇಕೆಂಬುದು ಅವರ ಶಾಸನ; ಮೇಲ್ಮನವಿ ಸಲ್ಲಿಸುವ ಹಕ್ಕೂ ಉಂಟು, ಅದರ ವಿಧಾನವು ಆ ಪತ್ರದಲ್ಲಿಯೇ ಇರುತ್ತದೆ. ಹಿಂದೊಮ್ಮೆ ನಿರಾಕರಿಸಿದ್ದೇವೆಂಬ ಕಾರಣಕ್ಕಾಗಿಯೇ ಹೊಸ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ. ದಾಖಲೆ ಕಡಿಮೆಯಾದದ್ದು ಕಾರಣವಾದರೆ ಅದನ್ನು ತುಂಬಿ ಮತ್ತೆ ಸಲ್ಲಿಸಬಹುದು. ಸುಳ್ಳು ದಾಖಲೆ ಕಾರಣವಾದರೆ ದಾರಿ ಕಠಿನ. ಆ ಸಂಗತಿ ಎಲ್ಲ ಶೆಂಗೆನ್ ದೇಶಗಳಿಗೂ ಕಾಣುವಂತೆ ದಾಖಲಾಗಿ ಉಳಿಯುತ್ತದೆ. ದಲ್ಲಾಳಿ ಹಣ ಪಡೆದು ಹೋಗುತ್ತಾನೆ. ರುಜು ಹಾಕಿದವರು ನೀವು, ಉತ್ತರ ಕೊಡಬೇಕಾದವರೂ ನೀವೇ. ಅರ್ಜಿಯನ್ನು ಯಾರೇ ತುಂಬಲಿ, ಅದರಲ್ಲಿ ಏನು ಬರೆದಿದೆಯೆಂದು ಕನ್ನಡದಲ್ಲಿ ಹೇಳಿಸಿಕೊಂಡು ಕೇಳದೆ ರುಜು ಹಾಕಬೇಡಿ.

ಹೇಳಿದಂತೆ ಹೋಗಿ ಹೇಳಿದಂತೆ ಬಂದವರಿಗೆ ಫಲವೂ ಉಂಟು. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ಯೂರೋಪು ಒಕ್ಕೂಟ ಒಂದು ಹೊಸ ಕ್ರಮವನ್ನು ತಂದಿತು. ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಅವನ್ನು ನಿಯಮ ಮೀರದೆ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶದ ವೀಸಾ ಕೊಡಬಹುದು. ಆಮೇಲೆ, ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ, ಐದು ವರ್ಷದ್ದನ್ನು ಕೊಡಬಹುದು. ತೊಂಬತ್ತು ದಿನದ ಮಿತಿ ಆಗಲೂ ಉಂಟು. ಆದರೆ ಪ್ರತಿಸಲವೂ ಹೊಸ ಅರ್ಜಿಯ ತಾಪತ್ರಯವಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಸುಂಕದವನಿಗೆ ಕಣ್ಣೀರು ಬೇಡ, ಕಾಗದ ಬೇಕು ಎಂಬುದು ಅದರ ಅರ್ಥ. ಆದರೂ ಆ ತಾಯಿಯ ಎರಡನೆಯ ಅರ್ಜಿಯನ್ನು ನೋಡಿದ ಮೇಲೆ ನನಗನ್ನಿಸಿದ್ದು ಹೀಗೆ: ಸುಖದುಃಖವನ್ನೂ ಕಾಗದದಲ್ಲಿ ಹೇಳಬಹುದು, ಅದು ನಿಜವಾಗಿದ್ದರೆ, ತಾರೀಖು ರುಜುಗಳು ಸರಿಯಾಗಿದ್ದರೆ. ಕಟ್ಟಳೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಅರ್ಜಿಗೆ ಮುನ್ನ ಆಯಾ ದೂತಾವಾಸದ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿರಿ. ಹೊರಡುವ ಎಲ್ಲರಿಗೂ ಪ್ರಯಾಣ ಸುಖಕರವಾಗಲಿ.